ಐನೂರಕ್ಕೆ ಕೂಗಿದವರ ಲೆಕ್ಕ

ಅಜ್ಜನ ಪೆಟ್ಟಿಗೆಯಲ್ಲಿದ್ದ ತಾಮ್ರದ ನಾಣ್ಯವೊಂದನ್ನು ಆನ್‌ಲೈನ್ ಹರಾಜಿಗೆ ಹಾಕಿದ್ದೀರಿ ಎಂದುಕೊಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸು. ಒಂದು ಬದಿ ಸಿಂಹ, ಜೊತೆಗೆ ಶ್ರೀ ಚಾಮುಂಡಿ ಎಂಬ ಬರಹ. ಇನ್ನೊಂದು ಬದಿ ‘ಮಯಿಲಿ ಕಾಸು’ ಎಂಬ ಕನ್ನಡ ಅಕ್ಷರ. ಮೂರು ಸಾವಿರಕ್ಕಂತೂ ಮೋಸವಿಲ್ಲ ಎಂಬುದು ನಿಮ್ಮ ಅಂದಾಜು. ಬೆಳಿಗ್ಗೆ ಎದ್ದು ಮೊಬೈಲ್ ನೋಡಿದರೆ ಯಾರೋ ಐನೂರಕ್ಕೆ ಕೂಗಿದ್ದಾರೆ. ಮಧ್ಯಾಹ್ನಕ್ಕೆ ಆರುನೂರೈವತ್ತು. ಆಮೇಲೆ ನಾಲ್ಕು ದಿನ ಸದ್ದೇ ಇಲ್ಲ. ಮಾರುವವರಿಗೆ ಮೈ ಉರಿಯದೆ ಇರುತ್ತದೆಯೇ? ಕೂಗಿದವರನ್ನು ಜಿಪುಣರು, ಗುಜರಿಯವರು, ಬೆಲೆ ಗೊತ್ತಿಲ್ಲದವರು ಎಂದು ಬೈದುಕೊಳ್ಳುತ್ತಾರೆ. ಲಿಸ್ಟಿಂಗನ್ನೇ ತೆಗೆದುಹಾಕುವವರೂ ಇದ್ದಾರೆ.

ಅಷ್ಟು ಅವಸರ ಬೇಡ. ಪರದೆಯ ಮೇಲೆ ಕಾಣುವ ಸಣ್ಣ ಮೊತ್ತವೇ ಆ ವ್ಯಕ್ತಿ ನಿಮ್ಮ ವಸ್ತುವಿಗೆ ಕಟ್ಟಿದ ಬೆಲೆ ಎಂದೇನಿಲ್ಲ. ಅದರ ಹಿಂದೆ ಹರಾಜಿನ ಏರ್ಪಾಡಿನದೇ ಒಂದು ಲೆಕ್ಕ ಇರಬಹುದು, ಫೋಟೊ ನೋಡಿ ಹುಟ್ಟಿದ ಅನುಮಾನ ಇರಬಹುದು, ಕಮಿಷನ್ನು-ತೆರಿಗೆಗಳ ಹೊರೆ ಇರಬಹುದು. ಬರೀ ಚಟವೂ ಇರಬಹುದು. ಯಾವುದು ಏನೆಂದು ಗುರುತಿಸಲು ಬಂದರೆ ಮಾರುವವರು ಗಾಬರಿಗೆ ಬೀಳುವುದಿಲ್ಲ, ಕೊಳ್ಳುವವರ ಹೊತ್ತೂ ಹಾಳಾಗುವುದಿಲ್ಲ.

ಪರದೆಯ ಮೇಲಿನ ಆರುನೂರೈವತ್ತು

ಜಾತ್ರೆಯಲ್ಲಿ ದೇವರ ತೆಂಗಿನಕಾಯಿ ಹರಾಜು ಹಾಕುವಾಗ ಬಾಯಿಂದ ಬಂದದ್ದೇ ಬೆಲೆ. ಇಬೇಯಂಥ ತಾಣಗಳಲ್ಲಿ ಮತ್ತು ಹಲವು ಹರಾಜು ಸಂಸ್ಥೆಗಳ ವೆಬ್‌ಸೈಟುಗಳಲ್ಲಿ ಹಾಗಲ್ಲ. ಅಲ್ಲಿ ನೀವು ತುಂಬುವುದು ನಿಮ್ಮ ಗರಿಷ್ಠ ಮಿತಿಯನ್ನು. ಅದನ್ನು ಯಂತ್ರ ಗುಟ್ಟಾಗಿ ಇಟ್ಟುಕೊಂಡು, ಎದುರಾಳಿಯನ್ನು ಮೀರಿಸಲು ಎಷ್ಟು ಬೇಕೋ ಅಷ್ಟನ್ನು ಮಾತ್ರ ನಿಮ್ಮ ಪರವಾಗಿ ಕೂಗುತ್ತದೆ. ಪ್ರಾಕ್ಸಿ ಬಿಡ್ ಎನ್ನುವುದು ಇದಕ್ಕೇ.

ಮೇಲಿನ ಕಾಸಿನ ಉದಾಹರಣೆಯನ್ನೇ ನೋಡಿ. ಆರಂಭದ ಬೆಲೆ ಐನೂರು. ಒಂದು ಸಾವಿರದ ತನಕ ಐವತ್ತರ ಏರಿಕೆ, ಆಮೇಲೆ ನೂರರದು. ಮೊದಲನೆಯವರು ಬಂದು 3,000 ಎಂದು ತುಂಬಿದರು. ಎದುರಾಳಿ ಇಲ್ಲ, ಪರದೆಯಲ್ಲಿ ಕಂಡದ್ದು 500. ಎರಡನೆಯವರು 600 ಎಂದರು. ಯಂತ್ರ ಮೊದಲನೆಯವರ ಪರವಾಗಿ 650 ಕೂಗಿತು. ನಿಮಗೆ ಕಾಣುವುದು ಇಷ್ಟೇ. ಆರುನೂರೈವತ್ತಕ್ಕೆ ಕೂಗಿದ ಆ ‘ಜಿಪುಣ’ ನಿಮ್ಮ ಅಂದಾಜಿನ ಪೂರ್ತಿ ಮೂರು ಸಾವಿರ ಕೊಡಲು ಒಪ್ಪಿ ಕುಳಿತಿದ್ದಾರೆ! ಕೊನೆಯ ದಿನ ಮೂರನೆಯವರು ಬಂದು 2,800 ತುಂಬಿದರೆ ಬೆಲೆ ಒಂದೇ ಜಿಗಿತಕ್ಕೆ 2,900ಕ್ಕೆ ಹೋಗುತ್ತದೆ, ಗೆಲ್ಲುವವರು ಮೊದಲನೆಯವರೇ. ಮೂರನೆಯವರು ಬರದೇ ಹೋದರೆ? ಮೊದಲನೆಯವರಿಗೇ 650ಕ್ಕೆ ಸಿಗುತ್ತದೆ. ಹೀಗೆ ಅಗ್ಗಕ್ಕೆ ಹೋಗಲು ಕೊಂಡವರು ಕಡಿಮೆ ಕೂಗಿದ್ದು ಕಾರಣವಲ್ಲ; ಅಷ್ಟೇ ಆಸಕ್ತಿಯ ಇನ್ನೊಬ್ಬರು ಬಾರದೆ ಇದ್ದದ್ದು.

ಈ ಪದ್ಧತಿಯನ್ನು ಕಂಪ್ಯೂಟರು ಹುಟ್ಟಿಸಿದ್ದಲ್ಲ. ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು 19ನೇ ಶತಮಾನದ ಕೊನೆಯ ದಶಕದಲ್ಲೇ ದೂರದೂರುಗಳ ಸಂಗ್ರಾಹಕರಿಂದ ಕಾಗದದಲ್ಲಿ ಬಿಡ್ ತರಿಸಿಕೊಂಡು, ಗೆದ್ದವರಿಂದ ಎರಡನೆಯವರ ಬೆಲೆಯ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದರು. ಇದರ ಗಣಿತವನ್ನು 1961ರಲ್ಲಿ ಬಿಡಿಸಿ ಬರೆದವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. 1996ರಲ್ಲಿ ಅವರಿಗೆ ನೊಬೆಲ್ ಬಂತು, ಸುದ್ದಿ ತಿಳಿದ ಮೂರೇ ದಿನಕ್ಕೆ ಅವರು ತೀರಿಕೊಂಡರು. ವಿಕ್ರಿ ತೋರಿಸಿದ್ದು ಸರಳ ಸಂಗತಿ: ಕೊಡಬೇಕಾದದ್ದು ಎರಡನೆಯವರ ಬೆಲೆಯನ್ನಾದರೆ, ನಿಮ್ಮ ಮನಸ್ಸಿನ ಬೆಲೆಯನ್ನು ನೇರವಾಗಿ ಬರೆದುಬಿಡುವುದರಲ್ಲಿ ನಷ್ಟವಿಲ್ಲ. ಕಡಿಮೆ ಬರೆದರೆ ದುಡ್ಡೇನೂ ಉಳಿಯುವುದಿಲ್ಲ, ವಸ್ತು ಮಾತ್ರ ಕೈತಪ್ಪೀತು.

ಸೂತ್ರ ಹೀಗಿದ್ದರೂ ಜನ ಕಡಿಮೆ ಬರೆಯುತ್ತಾರೆ. ಯಾಕೆಂದರೆ ಯಂತ್ರವನ್ನು ನಂಬುವುದಿಲ್ಲ. ‘ಮೂರು ಸಾವಿರ ಅಂತ ಬರೆದರೆ ಮಾರುವವರೇ ಯಾರನ್ನೋ ಬಿಟ್ಟು ಎರಡೂ ಮುಕ್ಕಾಲಿಗೆ ಏರಿಸಿಬಿಟ್ಟರೆ?’ ಎಂಬ ಅಳುಕು. ಈ ಅಳುಕು ಪೂರ್ತಿ ಹುಸಿಯಲ್ಲ, ಅದರ ಮಾತು ಮುಂದೆ ಬರುತ್ತದೆ.

ಕೊನೆಯ ಗಳಿಗೆಯ ತನಕ ಬಾಯಿ ಬಿಡದವರು

ಇನ್ನು ಕೆಲವರು ಮೊದಲ ದಿನವೇ ಕನಿಷ್ಠ ಬಿಡ್ ಹಾಕಿ ಕಣ್ಮರೆಯಾಗುತ್ತಾರೆ. ಇದು ಗುರುತಿಗೆ ಹಾಕಿದ ಬಿಡ್. ಬಿಡ್ ಹಾಕಿದರೆ ಆ ಲಾಟ್, ಅಂದರೆ ಹರಾಜಿಗಿಟ್ಟ ವಸ್ತು, ಅವರ ಪಟ್ಟಿಯಲ್ಲಿ ಉಳಿಯುತ್ತದೆ, ಯಾರಾದರೂ ಮೀರಿಸಿದರೆ ತಕ್ಷಣ ಸಂದೇಶ ಬರುತ್ತದೆ. ಎಷ್ಟು ಮಂದಿಗೆ ಆಸಕ್ತಿ ಇದೆ ಎಂದು ಕೆಣಕಿ ನೋಡಿದಂತೆಯೂ ಆಗುತ್ತದೆ. ನಿಜವಾದ ಬೆಲೆಯನ್ನು ಅವರು ಕೊನೆಯ ಕೆಲವು ಸೆಕೆಂಡುಗಳಿಗೆ ಉಳಿಸಿಕೊಂಡಿರುತ್ತಾರೆ. ಸಂಗ್ರಾಹಕರ ನಡುವೆ ಇದಕ್ಕೆ ಸ್ನೈಪಿಂಗ್ ಎಂದೇ ಹೆಸರು.

ಮುಂಚೆಯೇ ದೊಡ್ಡ ಬೆಲೆ ಕೂಗಿದರೆ ನಷ್ಟವೇನು? ನಾಣ್ಯಲೋಕದಲ್ಲಿ ಯಾರು ಕೂಗಿದರು ಎಂಬುದೇ ಒಂದು ಸುಳಿವು. ಟಿಪ್ಪುವಿನ ತಾಮ್ರದ ಪೈಸೆಗಳನ್ನೇ ಇಪ್ಪತ್ತು ವರ್ಷ ಅಭ್ಯಾಸ ಮಾಡಿದವರು ಒಂದು ಲಾಟಿಗೆ ಜೋರಾಗಿ ಕೈ ಹಾಕಿದರೆ, ‘ಇದರಲ್ಲಿ ಏನೋ ಇದೆ’ ಎಂದು ಉಳಿದವರೂ ಹಿಂದೆ ಬೀಳುತ್ತಾರೆ. ಅಪರೂಪದ ಟಂಕಸಾಲೆಯ ಗುರುತನ್ನು ಮಾರುವವರೇ ಗಮನಿಸದೆ ‘ತಾಮ್ರದ ಹಳೆ ನಾಣ್ಯ’ ಎಂದಷ್ಟೇ ಬರೆದಿದ್ದಾಗಲಂತೂ ತಿಳಿದವರು ತುಟಿ ಪಿಟಕ್ಕೆನ್ನುವುದಿಲ್ಲ.

ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇ ಮತ್ತು ಆಗ ಅಮೆಜಾನ್ ನಡೆಸುತ್ತಿದ್ದ ಹರಾಜುಗಳನ್ನು ಹೋಲಿಸಿದರು. ಇಬೇಯಲ್ಲಿ ಗಡಿಯಾರ ನಿಂತರೆ ಹರಾಜು ಮುಗಿಯಿತು. ಅಮೆಜಾನಿನಲ್ಲಿ ಕೊನೆಯ ಹತ್ತು ನಿಮಿಷದಲ್ಲಿ ಯಾರಾದರೂ ಕೂಗಿದರೆ ಇನ್ನೂ ಹತ್ತು ನಿಮಿಷ ಮುಂದಕ್ಕೆ ಹೋಗುತ್ತಿತ್ತು. ಕೊನೆಗಳಿಗೆಯ ಕೂಗಾಟ ಇಬೇಯಲ್ಲಿ ಬಹಳ ಹೆಚ್ಚು. ಅನುಭವಿಗಳಲ್ಲಂತೂ ಇನ್ನೂ ಹೆಚ್ಚು. ಹಾಗಾಗಿ ನೀವು ಮಾರುತ್ತಿರುವ ತಾಣದ ನಿಯಮ ಯಾವುದೆಂದು ಮೊದಲು ನೋಡಿ. ಗಡಿಯಾರ ಗಟ್ಟಿಯಾಗಿ ನಿಲ್ಲುವ ಕಡೆ ವಾರವಿಡೀ ಬೆಲೆ ಮಲಗಿದ್ದರೂ ಅದು ರೋಗದ ಲಕ್ಷಣವಲ್ಲ.

ಬೇಗ ಬಂದು ಸಣ್ಣ ಬಿಡ್ ಹಾಕುವುದಕ್ಕೆ ಇನ್ನೊಂದು ಚಿಕ್ಕ ಲಾಭವಿದೆ. ಇಬ್ಬರ ಮಿತಿಯೂ ಒಂದೇ ಆದರೆ ಸಾಮಾನ್ಯವಾಗಿ ಮೊದಲು ಬಂದವರಿಗೆ ವಸ್ತು. ಈ ನಿಯಮ ಗೊತ್ತಿದ್ದವರು ಹರಾಜು ತೆರೆದ ದಿನವೇ ತಮ್ಮ ಕಡಿಮೆ ಮೊತ್ತವನ್ನು ನೆಟ್ಟು ಹೋಗುತ್ತಾರೆ.

ಫೋಟೊ ಹೇಳದ ಸಂಗತಿಗಳು

ಕಡಿಮೆ ಬಿಡ್‌ಗಳಿಗೆ ಅತಿ ದೊಡ್ಡ ಕಾರಣ ನನ್ನ ಪ್ರಕಾರ ಇದು: ವಸ್ತು ಕೈಯಲ್ಲಿಲ್ಲ. ಇದನ್ನು ಮಾರುವವರು ಬಹಳ ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಯನ್ನೇ ತೆಗೆದುಕೊಳ್ಳಿ. 11.66 ಗ್ರಾಂ ತೂಕ, ಅದರಲ್ಲಿ ಶೇ 91.7ರಷ್ಟು ಬೆಳ್ಳಿ. ನಮ್ಮ ಮನೆಗಳಲ್ಲಿ ಇದು ಬರೀ ದುಡ್ಡಾಗಿರಲಿಲ್ಲ; ಕುಣಿಕೆ ಬೆಸೆದು ಸರ ಮಾಡಿಸಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಕುಣಿಕೆ ಕಿತ್ತು ಅರ ಹಾಕಿದರೂ ಅಂಚಿನಲ್ಲಿ ಬೆಸುಗೆಯ ಕಲೆ ಉಳಿಯುತ್ತದೆ. ಅಲ್ಲಿನ ಗೀರುಗಳು ಹರಳುಹರಳಾಗಿರದೆ ಕರಗಿ ಕೂತಂತಿರುತ್ತವೆ. ಮಾರುವವರು ಹಾಕುವುದು ಎರಡೇ ಫೋಟೊ: ದೊರೆಯ ಮುಖ, ಹಿಂಬದಿ. ಅಂಚು ಯಾರಿಗೂ ಕಾಣುವುದಿಲ್ಲ. ನಾಲ್ಕಾರು ಸಲ ಇಂಥದ್ದು ಕೈಗೆ ಬಂದವರು ಮುಂದಿನ ಸಲ ಅಂಚು ಕಾಣದ ಪ್ರತಿ ರೂಪಾಯಿಗೂ ಕುಣಿಕೆ ಇದ್ದೀತು ಎಂದುಕೊಂಡೇ ಬೆಳ್ಳಿಯ ತೂಕದ ಬೆಲೆಗೆ ಕೂಗುತ್ತಾರೆ. ಒಳ್ಳೆಯ ನಾಣ್ಯ ಇಟ್ಟವರಿಗೂ ಅದೇ ಬೆಲೆ ಕೇಳಿಬರುತ್ತದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಮುಂದಿಟ್ಟುಕೊಂಡು ಬರೆದದ್ದು ಇದೇ ಕಥೆ. ಒಳಗಿನ ದೋಷ ಕೊಳ್ಳುವವರಿಗೆ ಕಾಣದಿದ್ದರೆ ಎಲ್ಲ ಸರಕಿಗೂ ದೋಷದ ಸರಕಿನ ಬೆಲೆ ಅಂಟಿಕೊಳ್ಳುತ್ತದೆ.

ಬೆಳ್ಳಿಯ ಲೆಕ್ಕದಲ್ಲೂ ಒಂದು ಗುಂಡಿಯಿದೆ. 1940ರಿಂದ 1945ರವರೆಗಿನ ರೂಪಾಯಿಗಳಲ್ಲಿ ಅರ್ಧ ಮಾತ್ರ ಬೆಳ್ಳಿ. 1947ರವು ಬರೀ ನಿಕ್ಕಲ್. ‘ಶುದ್ಧ ಬೆಳ್ಳಿ, 1944’ ಎಂದು ಬರೆದು ಪಟ್ಟಿ ಹಾಕಿದರೆ ತಿಳಿದವರು ನಕ್ಕು ಅರ್ಧ ಬೆಲೆ ಕೂಗುತ್ತಾರೆ. ಆ ಅರ್ಧ ಬೆಲೆ ಸರಿಯಾದ ಬೆಲೆಯೇ.

1939ರ ಆರನೇ ಜಾರ್ಜ್ ರೂಪಾಯಿಯದು ಇನ್ನೊಂದು ಬಗೆ. ಅದು ನಿಜಕ್ಕೂ ಅಪರೂಪ. ಅಪರೂಪವೆಂದೇ 1938ರ ಎಂಟನ್ನು ತಿದ್ದಿ ಒಂಬತ್ತು ಮಾಡಿದವು, ಅಚ್ಚು ಹೊಡೆದು ಮಾಡಿದ ನಕಲಿಗಳು ಬೇಕಾದಷ್ಟು ಓಡಾಡುತ್ತವೆ. ಮಸುಕು ಫೋಟೊದ ಜೊತೆ ಇಂಥ ನಾಣ್ಯ ಬಂದರೆ ‘ಅಸಲಿ ಆಗಿದ್ದರೆ ಅದೃಷ್ಟ, ನಕಲಿ ಆದರೆ ಹೋದದ್ದು ಐನೂರು’ ಎಂದು ಕೂಗುವವರಿರುತ್ತಾರೆ. ಅದು ಲಾಟರಿ ಟಿಕೆಟ್ಟಿಗೆ ಕೊಟ್ಟ ದುಡ್ಡು.

ನೋಟುಗಳ ಕಡೆ ಬಂದರೆ, ಹಿಂದೆ ಬ್ಯಾಂಕುಗಳು ಕಟ್ಟುಗಳಿಗೆ ಸ್ಟೇಪಲ್ ಹೊಡೆಯುತ್ತಿದ್ದ ಕಾರಣ ಹಳೆಯ ನೋಟುಗಳಲ್ಲಿ ಪಿನ್ನಿನ ತೂತು ಮಾಮೂಲು. ಮಡಿಕೆ ಕಾಣದಂತೆ ಒತ್ತಿ ಇಸ್ತ್ರಿ ಮಾಡಿದ್ದಾರೆಯೇ ಎಂಬುದು ಫೋಟೊದಲ್ಲಿ ತಿಳಿಯದು. ಅಂಚೆಚೀಟಿಯಲ್ಲಿ ಹಿಂಬದಿಯ ಗೋಂದು ಮೂಲದ್ದೇ, ಆಲ್ಬಮ್ಮಿಗೆ ಅಂಟಿಸಿದ ಕಾಗದದ ಗುರುತಿದೆಯೇ, ಹಲ್ಲುಗಳು ಪೂರ್ತಿ ಇವೆಯೇ ಎಂಬುದರ ಮೇಲೆ ಬೆಲೆ ನಿಂತಿರುತ್ತದೆ. ಹಿಂಬದಿಯ ಫೋಟೊ ಇಲ್ಲದ ಚೀಟಿಗೆ ಸಣ್ಣ ಬಿಡ್ ಬಂದರೆ ಅದರ ಅರ್ಥ ‘ಹಿಂಬದಿ ತೋರಿಸಿ’ ಎಂದು.

ಮಾರುವ ಮೊದಲು ಹುಣಸೆಹಣ್ಣು ಹಾಕಿ ತಾಮ್ರದ ನಾಣ್ಯವನ್ನು ಫಳಫಳ ಮಾಡುವವರಿಗೆ ಏನು ಹೇಳಬೇಕೋ ತಿಳಿಯದು. ನೂರೈವತ್ತು ವರ್ಷ ಕೂತ ಬಣ್ಣ ಐದು ನಿಮಿಷದಲ್ಲಿ ಹೋಗುತ್ತದೆ, ಜೊತೆಗೆ ಬೆಲೆಯ ದೊಡ್ಡ ಪಾಲೂ.

ಅನುಮಾನವಿಲ್ಲದ ವಸ್ತುವಿನಲ್ಲೂ ಅನುಭವಿಗಳು ತಮ್ಮ ಅಂದಾಜಿಗಿಂತ ಒಂದಿಷ್ಟು ಕೆಳಗೇ ಕೂಗುತ್ತಾರೆ. ಹತ್ತು ಜನ ಒಂದೇ ವಸ್ತುವಿಗೆ ಬೆಲೆ ಅಂದಾಜು ಮಾಡಿದರೆ ಗೆಲ್ಲುವವರು ಅತಿ ಹೆಚ್ಚು ಅಂದಾಜು ಮಾಡಿದವರು. ಅಂದರೆ ಹೆಚ್ಚಾಗಿ ತಪ್ಪು ಅಂದಾಜು ಮಾಡಿದವರು. ತೈಲ ನಿಕ್ಷೇಪಗಳ ಹರಾಜಿನಲ್ಲಿ ಕಂಪನಿಗಳು ಗೆದ್ದು ಕೈ ಸುಟ್ಟುಕೊಂಡದ್ದನ್ನು ನೋಡಿ ಅಮೆರಿಕದ ಮೂವರು ಪೆಟ್ರೋಲಿಯಂ ಎಂಜಿನಿಯರುಗಳು 1971ರಲ್ಲಿ ಇದನ್ನು ಬರೆದಿಟ್ಟರು. ‘ಗೆದ್ದವರ ಶಾಪ’ ಎಂದು ಅದು ಹೆಸರಾಯಿತು. ಮರುಮಾರಾಟದ ಆಸೆ ಇಟ್ಟುಕೊಂಡು ಕೊಳ್ಳುವವರು ಇದನ್ನು ಮರೆಯಬಾರದು. ಬೆಲೆ ಎಷ್ಟಾದರೂ ಸರಿ, ಅಪ್ಪನ ಸಂಗ್ರಹದಲ್ಲಿ ಒಂದು ಜಾಗ ಖಾಲಿ ಇದೆ ತುಂಬಬೇಕು ಎನ್ನುವವರ ಮಾತು ಬೇರೆ.

ಹ್ಯಾಮರ್ ಬೆಲೆಯ ಮೇಲೆ ಕೂರುವ ಹೊರೆ

ಮಾರುವವರಿಗೆ ಕಾಣುವ ಬೆಲೆಯೂ ಕೊಳ್ಳುವವರ ಜೇಬಿನಿಂದ ಹೋಗುವ ಬೆಲೆಯೂ ಒಂದೇ ಅಲ್ಲ. 1975ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟೀಸ್ ಮತ್ತು ಸದಬೀಸ್ ಸಂಸ್ಥೆಗಳು ಕೊಳ್ಳುವವರ ಮೇಲೂ ಪ್ರೀಮಿಯಂ ಎಂಬ ಕಮಿಷನ್ ಹಾಕುವ ಪದ್ಧತಿ ತಂದವು. ಈಗ ಬೆಂಗಳೂರಿನ ಮರುಧರ್ ಆರ್ಟ್ಸ್‌, ಮುಂಬೈನ ಟೋಡಿವಾಲಾ ಆಕ್ಷನ್ಸ್‌ ಮುಂತಾಗಿ ಎಲ್ಲೇ ಕೊಂಡರೂ ಲಾಟ್ ಗೆದ್ದ ಬೆಲೆಯ, ಅಂದರೆ ಹ್ಯಾಮರ್ ಬೆಲೆಯ, ಮೇಲೆ ಏನೇನು ಸೇರುತ್ತದೆ ಎಂದು ನಿಬಂಧನೆಯ ಪುಟ ಓದಿಯೇ ಮುಂದುವರಿಯಬೇಕು. ಪ್ರೀಮಿಯಂ, ಜಿಎಸ್‌ಟಿ, ಅಂಚೆ ಮತ್ತು ವಿಮೆ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಬ್ಯಾಂಕಿನ ವಿನಿಮಯ ಶುಲ್ಕ.

ಲೆಕ್ಕವನ್ನು ಹಿಂದಿನಿಂದ ಮಾಡಬೇಕು. ಕಂಠೀರವ ಹಣದಂಥ ಒಂದು ಪುಟ್ಟ ಚಿನ್ನದ ನಾಣ್ಯಕ್ಕೆ ಎಲ್ಲ ಸೇರಿ ಹತ್ತು ಸಾವಿರದ ಒಳಗೆ ಮುಗಿಯಬೇಕು ಎಂದಿಟ್ಟುಕೊಳ್ಳಿ. ಪ್ರೀಮಿಯಂ ಶೇ 18, ಒಟ್ಟು ಮೊತ್ತದ ಮೇಲೆ ತೆರಿಗೆ ಶೇ 5, ಅಂಚೆಗೆ 300 ರೂಪಾಯಿ ಎಂದು ಊಹಿಸೋಣ. ದರಗಳು ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಇದು ಲೆಕ್ಕದ ದಾರಿ ಮಾತ್ರ. ಹತ್ತು ಸಾವಿರದಲ್ಲಿ 300 ಕಳೆದರೆ 9,700. ಅದನ್ನು 1.05ರಿಂದ, ಬಂದದ್ದನ್ನು 1.18ರಿಂದ ಭಾಗಿಸಿದರೆ ಸುಮಾರು 7,830. ಹತ್ತು ಸಾವಿರ ಕೊಡಲು ತಯಾರಿದ್ದವರು ಕೂಗಬಹುದಾದದ್ದು 7,800 ಮಾತ್ರ.

ವ್ಯಾಪಾರಿಯಾದರೆ ಇನ್ನೂ ಕೆಳಗೆ. ಅಂಗಡಿಯಲ್ಲಿ ಐದು ಸಾವಿರಕ್ಕೆ ಮಾರುವ ನಾಣ್ಯವನ್ನು ಅವರು ಮೂರು ಸಾವಿರದ ಒಳಗೆ ತರಬೇಕು. ಗಿರಾಕಿ ಬರುವ ತನಕ ತಿಂಗಳುಗಟ್ಟಲೆ ಬಂಡವಾಳ ಸುಮ್ಮನೆ ಕೂರುತ್ತದೆ. ಮೇಲಿನ ಹೊರೆಯೆಲ್ಲ ಕಳೆದರೆ ಅವರ ಕೂಗು ಎರಡು ಸಾವಿರದ ಇನ್ನೂರರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕ್ಯಾಟಲಾಗ್ ಪುಸ್ತಕದಲ್ಲಿ ಐದು ಸಾವಿರ ಎಂದು ಓದಿದವರಿಗೆ ಇದು ಹಗಲುದರೋಡೆಯಂತೆ ಕಾಣುತ್ತದೆ. ಕ್ಯಾಟಲಾಗ್ ಬೆಲೆ ಎಂದರೆ ಅಂಗಡಿಯವರು ಕೇಳುವ ಬೆಲೆ, ಅವರು ಕೊಡುವ ಬೆಲೆಯಲ್ಲ.

ನಮ್ಮ ದೇಶಕ್ಕೇ ಸೇರಿದ ಇನ್ನೊಂದು ಕಾರಣವಿದೆ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ. ನ್ಯೂಜೆರ್ಸಿಯಲ್ಲೋ ದುಬೈನಲ್ಲೋ ಇರುವ ಕನ್ನಡಿಗರಿಗೆ ಬೆಂಗಳೂರಿನ ಹರಾಜಿನ ಮಯಿಲಿ ಕಾಸು ಬೇಕೆನಿಸಿದರೂ ಕೊಂಡು ಊರಿನ ಮನೆಯಲ್ಲಿ ಇಡಬೇಕೇ ಹೊರತು ಜೊತೆಗೆ ಒಯ್ಯಲಾಗದು. ಅದೇ ನಾಣ್ಯ ಲಂಡನ್ನಿನಲ್ಲಿ ಹರಾಜಿಗೆ ಬಂದರೆ ಪ್ರಪಂಚದ ಎಲ್ಲ ಕಡೆಯವರೂ ಕೂಗಬಹುದು. ಒಳಗಿನ ಹರಾಜಿನಲ್ಲಿ ಕೈಗಳು ಕಡಿಮೆ.

ಬಲೆ ಬೀಸುವವರು

ತಿಂಗಳಿಗೆ ಇಪ್ಪತ್ತು ಸಾವಿರದ ಬಜೆಟ್ಟಿನವರು ನಲವತ್ತು ಲಾಟ್‌ಗಳಿಗೆ ತೀರಾ ಕೆಳಗಿನ ಬೆಲೆಯ ಬಿಡ್ ಹಾಕುತ್ತಾರೆ. ಮೂರೋ ನಾಲ್ಕೋ ಸಿಕ್ಕರೆ ಸಾಕು ಎಂಬ ಲೆಕ್ಕ. ಇದು ನಡೆಯುತ್ತದೆ, ಯಾಕೆಂದರೆ ದೊಡ್ಡ ಹರಾಜಿನಲ್ಲಿ ಯಾರೂ ಗಮನಿಸದ ಲಾಟ್‌ಗಳು ಇದ್ದೇ ಇರುತ್ತವೆ: ಹೆಸರು ತಪ್ಪಾಗಿ ಬರೆದದ್ದು, ತಪ್ಪು ವಿಭಾಗಕ್ಕೆ ಸೇರಿಸಿದ್ದು, ದೀಪಾವಳಿಯ ರಾತ್ರಿ ಮುಗಿಯುವುದು. ಪಟ್ಟು ಬಿಡದೆ ಹುಡುಕುವವರಿಗೆ ಇದು ನ್ಯಾಯವಾಗಿಯೇ ಸಿಗುವ ಫಲ. ಆದರೆ ನಲವತ್ತರಲ್ಲಿ ಇಪ್ಪತ್ತು ಗೆದ್ದುಬಿಟ್ಟರೆ? ಬಿಡ್ ಎಂದರೆ ಮಾತು ಕೊಟ್ಟಂತೆ. ದುಡ್ಡು ಕಟ್ಟದಿದ್ದರೆ ಖಾತೆ ಮುಚ್ಚುತ್ತಾರೆ, ಮುಂದೆ ಠೇವಣಿ ಇಲ್ಲದೆ ಒಳಗೆ ಬಿಡುವುದಿಲ್ಲ. ಬಲೆ ಬೀಸುವವರು ತಾವು ಹಾಕಿದ ಎಲ್ಲ ಬಿಡ್‌ಗಳ ಮೊತ್ತವನ್ನು ಒಮ್ಮೆ ಕೂಡಿ ನೋಡಲಿ. ಅದು ಬಜೆಟ್ಟಿನ ಎರಡು ಪಟ್ಟು ದಾಟಿದ್ದರೆ ಕೆಲವನ್ನು ಕೈಬಿಡುವುದು ವಾಸಿ.

ಚೌಕಾಸಿಯ ಅಭ್ಯಾಸವೂ ಇಲ್ಲಿ ಬಂದು ಸೇರಿಕೊಳ್ಳುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸಾವಿರ ಅಂದದ್ದಕ್ಕೆ ನಾನೂರು ಕೇಳಿದರೆ ಆರುನೂರಕ್ಕೆ ಕುದುರುತ್ತದೆ. ಅಲ್ಲಿ ಎದುರಿಗೆ ಇಳಿಯುವ ಮನುಷ್ಯನಿದ್ದಾನೆ. ಹರಾಜಿನಲ್ಲಿ ಇಳಿಯುವವರು ಯಾರೂ ಇಲ್ಲ, ಎದುರಿಗಿರುವುದು ನಿಮ್ಮಂತೆಯೇ ಕೊಳ್ಳಲು ಬಂದವರು. ನೀವು ಕಡಿಮೆ ಕೇಳಿದ್ದರಿಂದ ಅವರ ಮಿತಿ ಒಂದು ರೂಪಾಯಿಯೂ ಕೆಳಗೆ ಬರುವುದಿಲ್ಲ. ‘ಆಫರ್ ಮಾಡಿ’ ಎಂಬ ಗುಂಡಿ ಇರುವ ಕಡೆ ಮಾತ್ರ ಆ ಚೌಕಾಸಿಗೆ ಅರ್ಥ.

ಮಾರುವವರೇ ಕೆಳಗಿನಿಂದ ಶುರು ಮಾಡಿದಾಗ

ಕೆಲವು ಸಲ ಆರಂಭದ ಬೆಲೆಯನ್ನು ಬೇಕೆಂದೇ ಕೆಳಗಿಡುತ್ತಾರೆ. ಗಿಲಿಯನ್ ಕು, ಆಡಂ ಗ್ಯಾಲಿನ್‌ಸ್ಕಿ ಮತ್ತು ಕೀತ್ ಮರ್ನಿಘನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕೆಳಗಿನ ಬೆಲೆಯಿಂದ ಶುರುವಾದ ಹರಾಜುಗಳು ಎಷ್ಟೋ ಸಲ ಹೆಚ್ಚಿನ ಬೆಲೆಗೆ ಮುಗಿದವು. ಅಗ್ಗವೆಂದು ಹತ್ತು ಜನ ಒಳಗೆ ಬರುತ್ತಾರೆ, ಬಂದವರಿಗೆ ಬಿಟ್ಟುಹೋಗಲು ಮನಸ್ಸಾಗುವುದಿಲ್ಲ, ಜನ ಸೇರಿದ್ದನ್ನು ನೋಡಿ ಇನ್ನಷ್ಟು ಜನ ಬರುತ್ತಾರೆ. ಜನ ಬರಲು ದಾರಿಯೇ ಇಲ್ಲದ ಕಡೆ ಈ ಉಪಾಯ ತಿರುಗಿ ಹೊಡೆಯುತ್ತದೆ ಎಂಬುದೂ ಅದೇ ಅಧ್ಯಯನದ ಮಾತು.

ಪೇಪರಿನಲ್ಲಿ ಬರುವ ದೊಡ್ಡ ಕಥೆಗಳು ಈ ಆಸೆಗೆ ಗಾಳಿ ಹಾಕುತ್ತವೆ. 2009ರ ಮಾರ್ಚಿನಲ್ಲಿ ನ್ಯೂಯಾರ್ಕಿನಲ್ಲಿ ಗಾಂಧೀಜಿಯ ಕನ್ನಡಕ, ಗಡಿಯಾರ, ಚಪ್ಪಲಿ, ಬಟ್ಟಲು-ತಟ್ಟೆಗಳಿಗೆ ಅಂದಾಜು ಬೆಲೆ ಇದ್ದದ್ದು 20ರಿಂದ 30 ಸಾವಿರ ಡಾಲರ್. ವಿಜಯ್ ಮಲ್ಯ ಅವರ ಪರವಾಗಿ ಅವು ಹೋದದ್ದು 18 ಲಕ್ಷ ಡಾಲರಿಗೆ. 2020ರ ಆಗಸ್ಟಿನಲ್ಲಿ ಬ್ರಿಸ್ಟಲ್‌ನ ಹರಾಜುಗಾರರ ಅಂಚೆಪೆಟ್ಟಿಗೆಗೆ ಯಾರೋ ಲಕೋಟೆಯಲ್ಲಿ ಹಾಕಿಹೋದ ಗಾಂಧಿ ಕನ್ನಡಕದ ಅಂದಾಜು 10ರಿಂದ 15 ಸಾವಿರ ಪೌಂಡ್. ಬಂದದ್ದು 2 ಲಕ್ಷ 60 ಸಾವಿರ. ಇಂಥವಕ್ಕೆ ಆರಂಭದ ಬೆಲೆ ಎಷ್ಟಿದ್ದರೂ ಒಂದೇ, ಕೂಗುವವರು ಸಾಲುಗಟ್ಟಿರುತ್ತಾರೆ. ಬೇಕೆನ್ನುವವರು ದೇಶದಲ್ಲೇ ಆರು ಜನ ಇರುವ ವಸ್ತುವಿಗೆ ಈ ಉದಾಹರಣೆ ಹೊಂದುವುದಿಲ್ಲ. ಇನ್ನೊಂದು ತುದಿಯಲ್ಲಿ ಬ್ರಿಟಿಷ್ ಗಯಾನಾದ ಒಂದು ಸೆಂಟ್ ಅಂಚೆಚೀಟಿ ಇದೆ. ಪ್ರಪಂಚದಲ್ಲಿ ಒಂದೇ ಒಂದು ಎಂಬ ಖ್ಯಾತಿಯ ಅದಕ್ಕೇ 2014ರಲ್ಲಿ ಸುಮಾರು 95 ಲಕ್ಷ ಡಾಲರ್ ಬಂದರೆ 2021ರಲ್ಲಿ ಬಂದದ್ದು 83 ಲಕ್ಷ. ಹಿಂದೆ ಕೊಟ್ಟ ಬೆಲೆ ಮುಂದಿನವರನ್ನು ಕಟ್ಟಿಹಾಕುವುದಿಲ್ಲ.

ವಾಟ್ಸ್‌ಆ್ಯಪ್ ಕಥೆಗಳಂತೂ ಇನ್ನೂ ಅಪಾಯದವು. ಟ್ರ್ಯಾಕ್ಟರ್ ಇರುವ ಐದು ರೂಪಾಯಿ ನೋಟಿಗೆ, ವೈಷ್ಣೋದೇವಿಯ ನಾಣ್ಯಕ್ಕೆ ಲಕ್ಷಗಟ್ಟಲೆ ಎಂದು ನಂಬಿ ಮಾರಲು ಹೊರಟವರಿಗೆ ನೂರು ರೂಪಾಯಿಯ ಬಿಡ್ ಅವಮಾನವಾಗಿ ಕಾಣುತ್ತದೆ. ಅದೇ ನೆಲದ ಬೆಲೆ. ತನ್ನ ಹೆಸರು ಬಳಸಿ ಹಳೆಯ ನೋಟು-ನಾಣ್ಯ ಕೊಳ್ಳುತ್ತೇವೆಂದು ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿ ಎಚ್ಚರಿಕೆ ಕೊಟ್ಟಿದೆ. ಕಡಿಮೆ ಕೂಗಿದವರಿಗಿಂತ ಮುಂಗಡ ಕೇಳಿ ಲಕ್ಷದ ಆಸೆ ತೋರಿಸುವವರಿಗೆ ಹೆದರಿ.

ಸಣ್ಣ ಬಿಡ್‌ಗಳಲ್ಲಿ ಕಳ್ಳವೂ ಇವೆ. ಲಾಟ್ ಸತ್ತಂತೆ ಬಿದ್ದಿರಬಾರದೆಂದು ಮಾರುವವರೇ ಗೆಳೆಯರ ಖಾತೆಯಿಂದ ಒಂದೆರಡು ಸಲ ಏರಿಸುತ್ತಾರೆ. ಇಬೇ ಇದನ್ನು ನಿಷೇಧಿಸಿದೆ. ನಮ್ಮ 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಈ ವಿಷಯದಲ್ಲಿ ಬಹಳ ಸ್ಪಷ್ಟ. ಮಾರುವವರು ಕೂಗುವ ಹಕ್ಕನ್ನು ಮೊದಲೇ ತಿಳಿಸಿ ಉಳಿಸಿಕೊಳ್ಳದಿದ್ದರೆ ಅವರಾಗಲಿ ಅವರ ಕಡೆಯವರಾಗಲಿ ಕೂಗುವಂತಿಲ್ಲ. ಬೆಲೆ ಏರಿಸಲು ನಟನೆಯ ಬಿಡ್ ಹಾಕಿದ್ದು ತಿಳಿದರೆ ಕೊಂಡವರು ಆ ಮಾರಾಟವನ್ನೇ ರದ್ದು ಮಾಡಬಹುದು. ಇದಕ್ಕಿಂತ ಕೆಳಗೆ ಮಾರುವುದಿಲ್ಲ ಎಂಬ ರಿಸರ್ವ್ ಬೆಲೆ ಇಡುವುದಕ್ಕೆ ಅದೇ ಸೆಕ್ಷನ್ ಅವಕಾಶ ಕೊಟ್ಟಿದೆ. ಹಾಗಿರುವಾಗ ಕಳ್ಳದಾರಿ ಹಿಡಿಯುವ ಅಗತ್ಯವೇನು? ಬಿಡ್ ಇತಿಹಾಸದ ಪುಟದಲ್ಲಿ ಒಂದೇ ಖಾತೆ ಒಬ್ಬರೇ ಮಾರಾಟಗಾರರ ಎಲ್ಲ ಲಾಟ್‌ಗಳಲ್ಲೂ ಕೂಗಿ ಯಾವುದನ್ನೂ ಗೆಲ್ಲದೆ ಹೋಗಿದ್ದರೆ ಆ ಕಡೆ ತಲೆ ಹಾಕಬೇಡಿ.

ಇಬ್ಬರಿಗೂ ಒಂದಿಷ್ಟು

ಮಾರುವವರು ಮೊದಲು ಬಿಡ್ ಇತಿಹಾಸ ತೆರೆದು ನೋಡಿ: ಎಷ್ಟು ಜನ ಬೇರೆ ಬೇರೆ ಬಿಡ್ಡರುಗಳಿದ್ದಾರೆ? ಮೊತ್ತಕ್ಕಿಂತ ಈ ಸಂಖ್ಯೆ ಮುಖ್ಯ. ಒಬ್ಬರೇ ಇದ್ದರೆ ಸಮಸ್ಯೆ ಇರುವುದು ಲಿಸ್ಟಿಂಗಿನಲ್ಲಿ. ತೂಕವನ್ನು ಎರಡು ದಶಾಂಶದ ತನಕ, ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆಯಿರಿ. ಹಗಲು ಬೆಳಕಿನಲ್ಲಿ ಎರಡು ಮುಖ, ಒಂದು ಅಂಚು, ದೋಷವಿದ್ದರೆ ಅದರದೇ ಹತ್ತಿರದ ಫೋಟೊ ಹಾಕಿ. ಅರಸರ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಜನ ಹುಡುಕುವ ಕಾಗುಣಿತದಲ್ಲೇ ಬರೆಯಿರಿ. ತಪ್ಪು ಬರೆದರೆ ಬಲೆ ಬೀಸುವವರಿಗೆ ನೀವೇ ಉಡುಗೊರೆ ಕೊಟ್ಟಂತೆ. ಇಂತಿಷ್ಟಕ್ಕಿಂತ ಕಡಿಮೆಗೆ ಕೊಡಲಾರೆ ಎನ್ನುವ ವಸ್ತುವಾದರೆ ಆ ಮೊತ್ತವನ್ನೇ ಆರಂಭದ ಬೆಲೆಯಾಗಿಯೋ ರಿಸರ್ವ್ ಆಗಿಯೋ ಇಡಿ. ಕೂಗಿದವರ ಮೇಲೆ ಆಮೇಲೆ ಸಿಟ್ಟಾಗುವುದಕ್ಕಿಂತ ಅದು ಸಲೀಸು. ಹಳೆಯ ಹರಾಜುಗಳಲ್ಲಿ ಅದೇ ಬಗೆಯ ನಾಣ್ಯ ನಿಜವಾಗಿ ಎಷ್ಟಕ್ಕೆ ಹೋಗಿದೆ ಎಂಬುದನ್ನು ನೋಡಿ. ಈಗ ಯಾರೋ ಕೇಳುತ್ತಿರುವ ಬೆಲೆಯನ್ನಲ್ಲ.

ಕೊಳ್ಳುವವರು ಅನುಮಾನಕ್ಕೆ ಬೆಲೆ ಕಡಿತ ಮಾಡುವ ಮೊದಲು ಒಂದು ಸಾಲು ಬರೆದು ಅಂಚಿನ ಫೋಟೊ ಕೇಳಿ. ಎಷ್ಟೋ ಸಲ ಕಳುಹಿಸುತ್ತಾರೆ, ಮತ್ತು ಆ ಫೋಟೊ ನೋಡಿದವರು ನೀವೊಬ್ಬರೇ ಆಗಿರುತ್ತೀರಿ. ಮಿತಿಯನ್ನು ಹಿಂದಿನಿಂದ ಲೆಕ್ಕ ಹಾಕಿ ಒಂದೇ ಸಲ ತುಂಬಿ. ಬೇಕಾದ ಮೊತ್ತವನ್ನೇ ಬರೆಯಬಹುದಾದ ತಾಣವಾದರೆ 7,800ರ ಬದಲು 7,830 ಎನ್ನಿ. ದುಂಡು ಸಂಖ್ಯೆಗೆ ನಿಂತವರು ಬಹಳ ಮಂದಿ ಇರುತ್ತಾರೆ.

ಲಾಟ್ ಮಾರಾಟವಾಗದೆ ಉಳಿದರೂ ಬಾಗಿಲು ಮುಚ್ಚಿದಂತಲ್ಲ. ಅನೇಕ ಹರಾಜು ಸಂಸ್ಥೆಗಳು ಉಳಿದ ಲಾಟ್‌ಗಳನ್ನು ಕೆಲವು ದಿನ ಆರಂಭದ ಬೆಲೆಗೇ ಕೊಡುತ್ತವೆ. ಮಾರನೆಯ ಬೆಳಿಗ್ಗೆ ಒಂದು ಮೇಲ್ ಹಾಕಿ ಕೇಳಿದರೆ ಸಾಕು. ಮಾರುವವರ ಕಡೆಯಿಂದಲೂ ಅಷ್ಟೇ: ರಿಸರ್ವ್ ಮುಟ್ಟದೆ ನಿಂತ ಬಿಡ್ಡರಿಗೆ ಸಂಸ್ಥೆಯ ಮೂಲಕವೇ ಒಂದು ಬೆಲೆ ಹೇಳಿ ಕಳುಹಿಸಿ. ಎರಡೂ ಕಡೆ ಸ್ವಲ್ಪ ಸರಿದರೆ ಆ ವಾರವೇ ವ್ಯವಹಾರ ಕುದುರಬಹುದು.